ಮಡಿಲ ಪಾಳಿ

ಚಂಪಿಯ ಕೆಳಗಿನ ಹಲ್ಲು ಅಲ್ಲಾಡುತ್ತಿದೆ ಎಂಬುದು ಮೊದಲು ಗೊತ್ತಾದದ್ದು ಹೆತ್ತ ನನಗಲ್ಲ, ಪಕ್ಕದ ಮನೆಯ ತುಂಗಕ್ಕನಿಗೆ. ಬೆಳಿಗ್ಗೆ ಮಗುವನ್ನು ತೊಟ್ಟಿಲಿಗೆಂದು ಕರೆದುಕೊಂಡು ಹೋಗಿದ್ದವಳು ಊಟದ ಹೊತ್ತಿಗೆ ವಾಪಸು ತಂದು ಬಿಟ್ಟಳು. ಒಲೆಯ ಮುಂದೆ ಕೂತಿದ್ದ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಯಾರೋ ಹೋಗಿಬಿಟ್ಟ ಸುದ್ದಿ ಹೇಳುವ ದನಿಯಲ್ಲಿ, "ಇಂದ್ರ, ಹಲ್ಲು ಸಡಿಲ ಆಗಿದೆ ಕಣೆ" ಎಂದಳು. ಆಮೇಲೆ ತಾನೇ ಸಮಾಧಾನ ತಂದುಕೊಂಡು, "ಆಗ್ಲಿ ಬಿಡು, ಪಕ್ಕದ ಹಲ್ಲಿಗೆ ಸೇರಿಸಿ ದಾರ ಕಟ್ಟೋಣ. ನಮ್ಮಣ್ಣನ ಹುಡುಗನಿಗೆ ಹಾಗೇ ಕಟ್ಟಿ ಒಂದು ಮಳೆಗಾಲ ಪೂರ್ತಿ ಕಳೆದ್ವಿ" ಎಂದಳು. ಸಂಜೆ ಇಬ್ಬರೂ ಸೇರಿ ಕಟ್ಟಿದೆವು. ಚಂಪಿ ನನ್ನ ಮಡಿಲಲ್ಲಿ ತಲೆಯಿಟ್ಟು, ಬಾಯಿ ತೆರೆದುಕೊಂಡು, ಅಳದೆ ಮಲಗಿದ್ದಳು.

ನಮ್ಮೂರಲ್ಲಿ ತೊಟ್ಟಿಲು ಎಂದರೆ ಪಾರ್ಕಿನ ದೊಡ್ಡ ಚಕ್ರ. ಪಾರ್ಕಿನ ಮಿಕ್ಕ ಆಟಗಳೆಲ್ಲ ಎಂದೋ ನಿಂತುಹೋಗಿವೆ. ಗುದ್ದಾಡುವ ಕಾರುಗಳಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ, ಸುತ್ತು ತಿರುಗುತ್ತಿದ್ದ ಮರದ ಕುದುರೆಗಳ ಬೆನ್ನ ಮೇಲೆ ಜನ ಬಟ್ಟೆ ಒಣಹಾಕುತ್ತಾರೆ. ಚಕ್ರವೊಂದೇ ಬೆಳಗಿನಿಂದ ಸಂಜೆಯವರೆಗೆ ನಿಧಾನವಾಗಿ ತಿರುಗುತ್ತಿರುತ್ತದೆ. ಹಾಲುಹಲ್ಲು ಇರುವವರೆಗೆ ಮಕ್ಕಳಿಗೆ ಎಲ್ಲಿ ಬೇಕಾದರಲ್ಲಿ ನಿದ್ದೆ ಬರುತ್ತದೆ. ಚಾಪೆಯ ಮೇಲೆ, ಅಕ್ಕಿ ಮೂಟೆಯ ಮೇಲೆ, ಅತ್ತು ಅತ್ತು ಸಾಕಾಗಿ ಹೊಸ್ತಿಲ ಮೇಲೆ. ಮೊದಲ ಹಲ್ಲು ಬಿದ್ದ ದಿನ ಮನೆಯೊಳಗಿನ ನಿದ್ದೆ ಮುಗಿಯಿತು. ಆಮೇಲೆ ಅವರೂ ಎಲ್ಲರ ಹಾಗೆ ಪಾಳಿ ಕಾದು, ತೊಟ್ಟಿಲಲ್ಲಿ ಕೂತು ಒಂದು ಸುತ್ತು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಳೆ ಬೇಯುವಷ್ಟು ಹೊತ್ತಿನ ಸುತ್ತು. ಆ ನಿದ್ದೆಯಲ್ಲೇ ಒಂದು ವಾರ, ಎಳೆದಾಡಿದರೆ ಇನ್ನೂ ಸ್ವಲ್ಪ ದಿನ, ದೂಡಬೇಕು.

ಪಾಳಿಗೆ ಬಿಲ್ಲೆ. ಒಬ್ಬೊಬ್ಬರ ಹೆಸರು ಕೊರೆದ ತಗಡಿನ ಬಿಲ್ಲೆಗಳನ್ನು ಒಂದು ಡಬ್ಬದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಮೇಲಿನಿಂದ ತೆಗೆದು ಹೆಸರು ಕೂಗುತ್ತಾರೆ. ಕೂಗಿದವರು ಗೇಟಿನಲ್ಲಿ ಸಾಲು ನಿಲ್ಲುತ್ತಾರೆ, ಹೆಸರು ಬರದವರೂ ಯಾರದಾದರೂ ಜಾಗ ಖಾಲಿ ಬಿದ್ದೀತೆಂದು ಅದರ ತುದಿಯಲ್ಲಿ ನಿಲ್ಲುವುದುಂಟು. ಸಂಜೆ ಚಕ್ರ ನಿಲ್ಲುವಾಗ ಆ ದಿನ ಹತ್ತಬೇಕಾದವರು ಯಾರಾದರೂ ಉಳಿದಿದ್ದರೆ ಅವರ ಬಿಲ್ಲೆ ಮತ್ತೆ ಡಬ್ಬದ ತಳಕ್ಕೆ ಹೋಗುತ್ತದೆ. ಯಾಕೆ ಹಾಗೆ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಬಹಳ ದಿನ ನಿದ್ದೆಯಿಲ್ಲದವರು ಕೊನೆಗೆ ಎಲ್ಲಾದರೊಂದು ಕಡೆ ಕೂತುಬಿಡುತ್ತಾರೆ. ಕೂತವರು ಏಳುವುದಿಲ್ಲ, ಕಣ್ಣು ತೆರೆದೇ ಇರುತ್ತದೆ. "ಇಂಥವರು ಕೂತರಂತೆ" ಎಂದು ಯಾರಾದರೂ ಬಂದು ಹೇಳಿದರೆ ನಾವು ಒಲೆಯ ಮೇಲಿನ ಹಾಲು ಇಳಿಸಿ, ಸೆರಗು ಹೊದ್ದು ಹೊರಡುತ್ತೇವೆ.

ತೊಟ್ಟಿಲಿನ ಗೇಟಿನಲ್ಲಿ ಒಂದು ಬೋರ್ಡು ಇದೆ. ಮಡಿಲಲ್ಲಿ ಹಾಲುಹಲ್ಲಿನ ಮಗುವಿರುವವರನ್ನು ಕಾಯಿಸಕೂಡದು, ಮಗುವು ಅವರನ್ನು ಸಂಬಂಧ ಹಿಡಿದು ಕರೆಯತಕ್ಕದ್ದು ಎಂದು ಅದರ ಮೇಲೆ ಬರೆದಿದೆ. ಎಳೆ ಮಕ್ಕಳ ತಾಯಂದಿರಿಗಾಗಿ ಯಾರೋ ಪುಣ್ಯಾತ್ಮರು ಬರೆಸಿದ್ದು. ಇದಕ್ಕೆ ಮಡಿಲ ಪಾಳಿ ಎನ್ನುತ್ತಾರೆ. ಗೇಟು ಕಾಯುವ ಪರ್ವತಯ್ಯ ಮಗುವಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಎತ್ತಿಕೊಂಡವರನ್ನು ತೋರಿಸಿ "ಯಾರಿವರು?" ಎನ್ನುತ್ತಾನೆ. ಮಗು ಅತ್ತೆ ಎಂದರೂ ಸರಿ, ಮಾವ ಎಂದರೂ ಸರಿ, ಅಡ್ಡಗೋಲು ಎತ್ತುತ್ತಾನೆ. ನಮ್ಮ ಮಕ್ಕಳು ಯಾರನ್ನು ತಾನೆ ಸಂಬಂಧ ಹಿಡಿದು ಕರೆಯುವುದಿಲ್ಲ? ಹಾಲು ಹಾಕುವವನು ಮಾವ, ಬಳೆ ತೊಡಿಸುವವಳು ಅಜ್ಜಿ, ಬೀದಿಯಲ್ಲಿ ದಾರಿ ಕೇಳಿದವನು ಅಣ್ಣ. ಇದು ಹೊಳೆದ ಮೇಲೆ ಮಕ್ಕಳಿಲ್ಲದ ಮನೆಯವರು ಮಕ್ಕಳಿರುವ ಮನೆಗೆ ಬರತೊಡಗಿದರು. ನಮ್ಮ ಬೀದಿಯಲ್ಲಿ ಹಾಲುಹಲ್ಲಿನ ಮಗು ಎಂದರೆ ಚಂಪಿಯೊಬ್ಬಳೇ. ಅವಳು ದಿನಕ್ಕೊಬ್ಬರ ಮಡಿಲಲ್ಲಿ ತೊಟ್ಟಿಲು ಹತ್ತುತ್ತಿದ್ದಳು, ಒಂದೊಂದು ದಿನ ಇಬ್ಬರ ಜೊತೆ. "ಏನವ್ವ ಚಂಪಿ, ನಿಮ್ಮಜ್ಜನಿಗೆ ಹೆಣ್ಣುಮಕ್ಕಳು ಎಷ್ಟು ಜನ? ದಿನಾ ಒಬ್ಬೊಬ್ಬ ಹೊಸ ಚಿಕ್ಕಮ್ಮ ಹುಟ್ತಾ ಇದಾಳಲ್ಲ!" ಎಂದು ಪರ್ವತಯ್ಯ ನಗುತ್ತಿದ್ದ. ನಕ್ಕು ಕೋಲು ಎತ್ತುತ್ತಿದ್ದ.

ನಾನು ಯಾರನ್ನೂ ಬೇಡ ಎನ್ನಲಿಲ್ಲ. ಎಚ್ಚರವಾಗಿರುವವರ ಮನೆಯಲ್ಲಿ ಕೆಲಸ ಮುಗಿಯುವುದೆಂಬುದೇ ಇಲ್ಲ. ಮಗುವನ್ನು ಕರೆದುಕೊಂಡು ಹೋದವರು ಬರಿಗೈಲಿ ಬರುತ್ತಿರಲಿಲ್ಲ. ತುಂಗಕ್ಕ ರಾಗಿ ಬೀಸಿಕೊಡುತ್ತಿದ್ದಳು, ಇನ್ನೊಬ್ಬರು ನೀರು ತುಂಬಿಸುತ್ತಿದ್ದರು, ಮತ್ತೊಬ್ಬರು ಸೌದೆ ಒಡೆದು ಒಟ್ಟುತ್ತಿದ್ದರು. ಒಂದು ದಿನ ಚಂಪಿಗೆ ಅನ್ನ ಕಲಸಿ ತಿನ್ನಿಸುತ್ತಾ, ಮೇಲಿನಿಂದ ಏನು ಕಾಣುತ್ತದೆ ಎಂದು ಕೇಳಿದೆ. "ಎಲ್ಲರೂ ಬಾಯಿ ಬಿಟ್ಕೊಂಡಿರ್ತಾರೆ ಅವ್ವಾ. ಮೇಲಿನ ತೊಟ್ಟಿಲಲ್ಲೂ, ಕೆಳಗಿನದ್ರಲ್ಲೂ. ಸತ್ತೋದ ಹಾಗೆ. ನಾನೊಬ್ಳೇ ಎದ್ದಿರ್ತೀನಿ" ಎಂದಳು. "ಹೆದರಿಕೆ ಆಗಲ್ವಾ ಕಂದ?" "ಹಿಡ್ಕೊಂಡೋರ ಕೈ ಸಡಿಲ ಆದ್ರೆ ಆಗುತ್ತೆ." ಮಾರನೆಯ ದಿನದಿಂದ ಹಳೆಯ ಸೀರೆಯ ಅಂಚು ಹರಿದು, ಅವಳ ಸೊಂಟವನ್ನು ಎತ್ತಿಕೊಂಡವರ ಸೊಂಟಕ್ಕೆ ಕಟ್ಟಿ ಕಳಿಸಿದೆ.

ಇದು ತಪ್ಪೇನೋ ಎಂದು ಒಂದು ಸಲ ಚಂಪಿಯ ಅಪ್ಪನ ಹತ್ತಿರ ಬಾಯಿಬಿಟ್ಟೆ. ಅವರು ಇಟ್ಟಿಗೆ ಗೂಡಿನಿಂದ ಬಂದು ಕಾಲು ತೊಳೆಯುತ್ತಿದ್ದರು. "ಬೋರ್ಡಲ್ಲಿ ಬರೆದಿರೋದನ್ನೇ ತಾನೆ ಮಾಡ್ತಿರೋದು? ಗೋಡೆ ಹಾರಿದ್ವಾ? ಬಿಲ್ಲೆ ಕದ್ವಾ?" ಎಂದರು. ತುಂಗಕ್ಕ ಇನ್ನೂ ಚೆನ್ನಾಗಿ ಹೇಳಿದಳು. "ನಾನು ಅವಳಿಗೆ ಅತ್ತೆ ಅಲ್ವೇನೆ? ಹುಟ್ಟಿದಾಗ ನೀರು ಹಾಕ್ದೋಳು ಯಾರು? ಅತ್ತೆ ಅಂತ ಅವಳು ಅನ್ನೋದು ಸುಳ್ಳಾದ್ರೆ ಊರಲ್ಲಿ ನಿಜವಾದ ಮಾತು ಯಾವುದಿದೆ ಹೇಳು!"  ಆದರೆ ಮಡಿಲ ಪಾಳಿಯವರು ಹೆಚ್ಚಾದಷ್ಟೂ ಸಂಜೆ ಹತ್ತದೆ ಉಳಿಯುವವರೂ ಹೆಚ್ಚಾಗುತ್ತಾರೆ, ಅವರ ಬಿಲ್ಲೆ ತಳಕ್ಕೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರು ಉಳಿಯುತ್ತಾರೆ ಎಂಬುದು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ನಾವು ದೀಪ ಹಚ್ಚಲು ಮನೆಗೆ ಬಂದಿರುತ್ತಿದ್ದೆವು.

ಉಳಿಯುತ್ತಿದ್ದವರಲ್ಲಿ ರೇವಮ್ಮ ಒಬ್ಬಳು. ಬಹಳ ಹಿಂದೆ ಹೊಲಿಗೆ ಮಿಷನ್ನು ತಲೆಯ ಮೇಲೆ ಹೊತ್ತುಕೊಂಡು ಬಂದು, ಊರು ಮುಗಿಯುವ ಕಡೆ ಒಂದು ಕೋಣೆ ಹಿಡಿದವಳು. ಅವಳು ಯಾವ ಪೈಕಿ ಎಂದು ಜನ ತಮ್ಮೊಳಗೇ ಹೇಳಿಕೊಂಡರು, ಹೇಳಿಕೊಂಡ ಮೇಲೆ ಅವಳ ಮನೆಯ ಹೊಸ್ತಿಲು ಯಾರೂ ದಾಟಲಿಲ್ಲ. ಬಟ್ಟೆಯನ್ನು ಹೊರಗೆ ನಿಂತು ಕೊಡುತ್ತಿದ್ದೆವು, ಹೊರಗೆ ನಿಂತು ತೆಗೆದುಕೊಳ್ಳುತ್ತಿದ್ದೆವು. ಊರ ಹೆಂಗಸರೆಲ್ಲರ ರವಿಕೆ, ಊರ ಮಕ್ಕಳೆಲ್ಲರ ಲಂಗ ಅವಳು ಹೊಲಿದದ್ದೇ. ಹೆಸರು ಹಿಡಿದು ಕರೆದವರಿಲ್ಲ. ದೊಡ್ಡವರು ಮಿಷನ್ನಿನವಳು ಎನ್ನುತ್ತಿದ್ದೆವು, ಮಕ್ಕಳೂ ಹಾಗೆಯೇ ಕಲಿತಿದ್ದವು. ಅವಳಿಗೆ ನಾವು 'ನೀನು', ನಮಗೆ ಅವಳು 'ನೀವು'.

ಚಂಪಿಯ ಹಲ್ಲಿಗೆ ದಾರ ಕಟ್ಟಿದ ಕೆಲವು ದಿನಕ್ಕೆ ರೇವಮ್ಮ ಮಗುವಿನ ಫ್ರಾಕು ಹೊಲಿದು ತಂದಳು. ಅವಳೇ ಮನೆತನಕ ಬಂದದ್ದು ಅದೇ ಮೊದಲು. ಫ್ರಾಕು ಬಿಡಿಸಿ ನೋಡಿದರೆ ಎರಡು ತೋಳೂ ಒಂದೇ ಕಡೆಗಿದ್ದವು. ಕುತ್ತಿಗೆ ತೂರಿಸುವ ಜಾಗವನ್ನು ಮುಚ್ಚಿ ಹೊಲಿದಿತ್ತು. ಹೊಲಿಗೆ ಮಾತ್ರ ಎಂದಿನಂತೆ ಸಣ್ಣಗೆ, ನೇರವಾಗಿ, ಅಂದವಾಗಿತ್ತು. ನಾನು ಅದನ್ನು ಮಡಿಸಿಟ್ಟೆ. ಅವಳು ಅಂಗಳದಲ್ಲೇ ನಿಂತಿದ್ದಳು. ಬೀಳದಿರಲೆಂದು ತುಳಸಿಕಟ್ಟೆಗೆ ಕೈ ಚಾಚಿದವಳು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ಇಂದ್ರಮ್ಮೋರೆ, ಒಂದು ಮಾತು ಕೇಳ್ಲಾ?"

"ಕೇಳು."

"ನನ್ನ ಬಿಲ್ಲೆ ಮತ್ತೆ ತಳಕ್ಕೆ ಹೋಯ್ತು. ನೂಲು ಸೂಜಿಗೆ ಹೋಗ್ತಾನೇ ಇಲ್ಲ, ಸೂಜಿ ಎರಡೆರಡು ಕಾಣುತ್ತೆ. ಮಗೂನ ಒಂದು ಸುತ್ತು ಕಳಿಸಿಕೊಡ್ತೀರಾ? ಜೋಪಾನವಾಗಿ ಹಿಡ್ಕೋತೀನಿ." ಆಮೇಲೆ, ಹೆಚ್ಚು ಕೇಳಿಬಿಟ್ಟೆನೇನೋ ಎಂಬಂತೆ, "ಹಲ್ಲು ಬಿದ್ದುಹೋದ್ರೆ ಮತ್ತೆ ಕೇಳೋದಕ್ಕೂ ಆಗಲ್ಲ ಅಂತ ಬಂದೆ" ಎಂದಳು.

ನಾಳೆ ಬೆಳಿಗ್ಗೆ ಬಾ, ನಾನೂ ಜೊತೆಗೆ ಬರುತ್ತೇನೆ ಎಂದೆ. ಅವಳು ಹೋದ ಮೇಲೆ ಚಂಪಿಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಾ ಹೇಳಿಕೊಟ್ಟೆ. "ನಾಳೆ ಪರ್ವತಯ್ಯ ಯಾರಿವರು ಅಂದ್ರೆ ಏನಂತೀಯಾ?"

"ಮಿಷನ್ನಿನವಳು."

"ಹಾಗನ್ನಬಾರದು. ದೊಡ್ಡಮ್ಮ ಅನ್ನು."

"ಅವರು ನಮ್ಮ ದೊಡ್ಡಮ್ಮನಾ?"

"ಹೂಂ."

"ಯಾವಾಗಿಂದ?"

ನಾನು ಸಿಕ್ಕು ಬಿಡಿಸತೊಡಗಿದೆ. ಜಡೆ ಮುಗಿಯುವಷ್ಟರಲ್ಲಿ ಅವಳು ಅದನ್ನೊಂದು ಹಾಡು ಮಾಡಿಕೊಂಡಿದ್ದಳು, ದೊಡ್ಡಮ್ಮ, ದೊಡ್ಡಮ್ಮ, ಮಿಷನ್ ದೊಡ್ಡಮ್ಮ. ಬೆಳಿಗ್ಗೆ ರೇವಮ್ಮ ಒಗೆದ ಸೀರೆ ಉಟ್ಟು ಬಂದಾಗ ಅದನ್ನೇ ಹಾಡಿ ತೋರಿಸಿದಳು. ರೇವಮ್ಮನ ಮುಖ ಒಂಥರಾ ಆಯಿತು. ಮಗುವನ್ನು ಎತ್ತಿಕೊಳ್ಳುವ ಮೊದಲು ಎರಡು ಕೈಯನ್ನೂ ಸೆರಗಿಗೆ ಒರೆಸಿಕೊಂಡಳು, ಒರೆಸಿದ್ದು ಸಾಲದೆಂಬಂತೆ ಮತ್ತೊಮ್ಮೆ ಒರೆಸಿಕೊಂಡಳು. ನಾನು ಸೀರೆಯ ಅಂಚಿನಿಂದ ಇಬ್ಬರ ಸೊಂಟವನ್ನೂ ಸೇರಿಸಿ ಕಟ್ಟಿದೆ.

ಗೇಟಿನ ಮುಂದೆ ಸಾಲು ಉದ್ದವಾಗಿತ್ತು. ತುಂಗಕ್ಕ ಅದರಲ್ಲಿ ನಿಂತಿದ್ದಳು. ಅಂದು ಚಂಪಿ ಸಿಗಲಿಲ್ಲವೆಂದು ಅವಳ ಮೂಗು ಕೆಂಪಾಗಿತ್ತು. ಪರ್ವತಯ್ಯ ಚಂಪಿಯ ಬಾಯಿ ತೆರೆಸಿದ. ದಾರ ಕಂಡಿತು, ಕಾಣದವನಂತೆ ಬಾಯಿ ಮುಚ್ಚಿಸಿದ. ರೇವಮ್ಮನ ಕಡೆ ಕೈ ತೋರಿಸಿ, "ಯಾರಿವರು?" ಎಂದ.

ಚಂಪಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಸಾಲಿನೊಳಗಿಂದ ತುಂಗಕ್ಕ, "ಹೇಳು ಕೂಸೆ, ಯಾರವಳು? ಪರ್ವತಯ್ಯ ಕೇಳ್ತಿದಾರೆ, ನಿಜ ಹೇಳ್ಬೇಕು ನೋಡು" ಎಂದು ಕೂಗಿದಳು. ನಾಲ್ಕಾರು ಜನ ನಕ್ಕರು. ಚಂಪಿ ಅತ್ತೆಯ ಮುಖ ನೋಡಿದಳು, ರೇವಮ್ಮನ ಮುಖ ನೋಡಿದಳು. "ಮಿಷನ್ನಿನವಳು" ಎಂದಳು.

ಪರ್ವತಯ್ಯ ಒಳ್ಳೆಯವನು. ಕಿವಿಗೆ ಕೈ ಹಚ್ಚಿ, "ಏನಂದೆ? ದೊಡ್ಡಮ್ಮ ಅಂದ್ಯಾ? ನನಗೆ ಕಿವಿ ಸ್ವಲ್ಪ ಮಂದ" ಎಂದ.

"ಮಿಷನ್ನಿನವಳು ಅಂದ್ಲು, ಇಲ್ಲಿಗೇ ಕೇಳಿಸ್ತಲ್ಲಯ್ಯ!" ಎಂದು ಸಾಲಿನವರು ಗದ್ದಲ ಮಾಡಿದರು. ಅವರಲ್ಲಿ ಮುಕ್ಕಾಲು ಜನ ನನ್ನ ಮಗುವನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡಿದವರೇ.

"ಇವಳೂ ದೊಡ್ಡಮ್ಮನೇ. ನಾನು ಹೇಳ್ತಿದೀನಲ್ಲ" ಎಂದೆ.

"ಇದು ಮೋಸ ಅಲ್ವೇನೆ ಇಂದ್ರ?" ಎಂದಳು ತುಂಗಕ್ಕ. "ಬಿಸಿಲಲ್ಲಿ ನಿಂತಿರೋ ನಾವೇನು ಮಂಕುಗಳಾ?"

"ಮೊನ್ನೆ ನೀನು ಹೋದಾಗ ಮೋಸ ಆಗಿರ್ಲಿಲ್ವಾ ತುಂಗಕ್ಕ?"

"ನಾನು ಅತ್ತೆ ಕಣೆ! ನನ್ನ ಮನೇಲಿ ನೀನು ಉಂಡಿದೀಯಾ, ನಿನ್ನ ಮನೇಲಿ ನಾನು ಉಂಡಿದೀನಿ. ಈ ನಿಮ್ಮ ದೊಡ್ಡಮ್ಮನ ಕೈಲಿ ಒಂದು ಲೋಟ ನೀರು ಕುಡಿದಿದೀಯಾ? ಹೇಳು, ಕುಡಿದಿದೀಯಾ?"

ಎಲ್ಲರೂ ನನ್ನ ಬಾಯಿ ನೋಡಿದರು. ಕುಡಿದಿದ್ದೇನೆ ಎಂದಿದ್ದರೆ ಸಾಕಿತ್ತು. ಒಂದು ಮಾತು. ಆದರೆ ಹಾಗೆಂದ ಮೇಲೆ ನಾಳೆ ಯಾರ ಬಾವಿಯಲ್ಲಿ ನೀರು ಸೇದಲಿ, ಯಾರ ಒರಳಲ್ಲಿ ರುಬ್ಬಲಿ ಎಂಬುದೂ ಅದೇ ಗಳಿಗೆಯಲ್ಲಿ ಕಣ್ಣ ಮುಂದೆ ಬಂತು. ನಾನು ಬಾಯಿ ತೆರೆಯುವುದರೊಳಗೆ ರೇವಮ್ಮನೇ ಸೊಂಟದ ಗಂಟು ಬಿಚ್ಚತೊಡಗಿದ್ದಳು. ಗಂಟು ಬೆರಳಿಗೆ ಸಿಗುತ್ತಿರಲಿಲ್ಲ. "ಬಿಡಿ ಇಂದ್ರಮ್ಮೋರೆ. ಮಗು ಸುಳ್ಳು ಹೇಳ್ಲಿಲ್ಲ" ಎಂದು ಚಂಪಿಯನ್ನು ಕೆಳಗಿಳಿಸಿ, ಅವಳ ಫ್ರಾಕಿನ ಚುಂಗು ಎಳೆದು ಸರಿಮಾಡಿ, ಸಾಲಿನ ತುದಿಗೆ ನಡೆದಳು.

ಆ ವಾರ ಕಳೆಯುವ ಮೊದಲೇ ಕೂತಳು. ರವಿಕೆ ತರಲು ಹೋದ ಯಾರೋ ಹೊಸ್ತಿಲಾಚೆ ನಿಂತು ಬಹಳ ಹೊತ್ತು ಕೂಗಿದರಂತೆ. ಮಿಷನ್ನಿನ ಮುಂದೆಯೇ ಇದ್ದಳು. ಕಾಲು ತುಳಿಯುವ ಹಲಗೆಯ ಮೇಲಿತ್ತು, ಬಟ್ಟೆ ಸೂಜಿಯ ಕೆಳಗಿತ್ತು. ಅಂದು ನಾನು ಹೊಸ್ತಿಲು ದಾಟಿದೆ. ಮೂಲೆಯಲ್ಲಿ ಒಂದು ಗಡಿಗೆ, ಅದರ ಮೇಲೆ ಬೋರಲು ಹಾಕಿದ ಒಂದು ಲೋಟ. ಅವಳ ಕಣ್ಣು ಮುಚ್ಚಿಸಲು ನೋಡಿದೆ. ಕೂತವರ ಕಣ್ಣು ಮುಚ್ಚುವುದಿಲ್ಲ ಎಂದು ಗೊತ್ತಿದ್ದೂ ನೋಡಿದೆ.

ಮನೆಗೆ ಬಂದು ಸ್ನಾನ ಮಾಡುವಾಗ ಚಂಪಿ ಬಚ್ಚಲ ಬಾಗಿಲಲ್ಲಿ ಬಂದು ಕೂತಳು. "ನಾನು ದೊಡ್ಡಮ್ಮ ಅಂದಿದ್ರೆ ಅವರು ಕೂರ್ತಿರ್ಲಿಲ್ಲ ಅಲ್ವಾ?"

"ಹಾಗಲ್ಲ ಕಂದ. ಅವಳ ಬಿಲ್ಲೆ ತಳದಲ್ಲಿತ್ತು."

"ಅವರನ್ನ ಯಾರೂ ಯಾಕೆ ಅತ್ತೆ, ಅಜ್ಜಿ ಅಂತ ಕರೀತಿರ್ಲಿಲ್ಲ?"

ನಾನು ತಲೆಯ ಮೇಲೆ ನೀರು ಹುಯ್ದುಕೊಂಡೆ.

ಮಾರನೆಯ ದಿನ ನಾನು ಬಟ್ಟೆ ಒಗೆಯಲು ಹೋಗಿದ್ದಾಗ ತುಂಗಕ್ಕ ಏನೂ ಆಗಿಯೇ ಇಲ್ಲವೆಂಬಂತೆ ಬಂದು ಚಂಪಿಯನ್ನು ಕರೆದುಕೊಂಡು ಹೋದಳು. ನಾನು ಬಕೆಟ್ಟು ಇಳಿಸುವಷ್ಟರಲ್ಲಿ ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. "ಏನು ಹೇಳಿಕೊಟ್ಟಿದೀಯಾ ನಿನ್ನ ಮಗಳಿಗೆ? ಪರ್ವತಯ್ಯ ಕೇಳಿದ್ರೆ 'ಪಕ್ಕದ್ಮನೆಯವಳು' ಅಂತಾಳೆ! ಇವಳ ಕುಂಡೆ ತೊಳೆದ ಕೈ ಕಣೆ ಇದು!"

ಚಂಪಿಗೆ ಬೈಸಿಕೊಂಡದ್ದು ಯಾಕೆಂದು ನಿಜವಾಗಿಯೂ ಅರ್ಥವಾಗಿರಲಿಲ್ಲ. "ಪರ್ವತಯ್ಯ ಕೇಳಿದ್ರೆ ನಿಜ ಹೇಳ್ಬೇಕು ಅಂತ ಅತ್ತೇನೇ ಹೇಳಿದ್ದು" ಎಂದಳು. ಮನೆಯಲ್ಲಿ ತುಂಗಕ್ಕ ಈಗಲೂ ಅತ್ತೆಯೇ. ಗೇಟಿನ ಮುಂದೆ ಮಾತ್ರ ಚಂಪಿ ಬೇರೆ ಲೆಕ್ಕ ಹಿಡಿದಿದ್ದಳು. ಹೂವಿನ ಚಿಕ್ಕಮ್ಮ ಕರೆದುಕೊಂಡು ಹೋದರೆ ಹೂ ಮಾರುವವಳು ಎಂದಳು. ಮೂಲೆಮನೆಯ ಮಾವನನ್ನು ಕೆಮ್ಮುವವನು ಎಂದಳು. ಪರ್ವತಯ್ಯ ನಗುವುದನ್ನು ಬಿಟ್ಟ. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಪಕ್ಕದ ಬೀದಿಯಲ್ಲಿ ಹಾಲುಹಲ್ಲಿನ ಬೇರೆ ಮಕ್ಕಳಿದ್ದವು.

ರಾಗಿ, ನೀರು, ಸೌದೆ ಎಲ್ಲ ಮತ್ತೆ ನನ್ನ ಕೈಗೇ ಬಂದವು. ನನ್ನ ಬಿಲ್ಲೆ ಮೇಲೆ ಬಂದ ದಿನ ಮುಕ್ಕಾಲು ಪಾಲು ತೊಟ್ಟಿಲುಗಳಲ್ಲಿ ಮಡಿಲ ಪಾಳಿಯವರೇ ಕೂತಿದ್ದರು. ಸಂಜೆಯವರೆಗೆ ನಿಂತು ವಾಪಸು ಬಂದೆ. ಮತ್ತೊಂದು ಸಲವೂ ಹಾಗೆಯೇ ಆಯಿತು. ಚಂಪಿಯನ್ನು ಎತ್ತಿಕೊಂಡು ಹೋಗಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಆ ಬೋರ್ಡು ಬರೆಸಿದ್ದೇ ನನ್ನಂಥವರಿಗೆ. ಆದರೆ ರೇವಮ್ಮ ಗಂಟು ಬಿಚ್ಚುತ್ತಿದ್ದ ಕೈ ನೆನಪಾಗಿ ನಾಳೆ ನೋಡೋಣ ಎನ್ನುತ್ತಿದ್ದೆ. ಹಾಗೆನ್ನುತ್ತಲೇ ಒಂದು ದಿನ ಸಾರಿಗೆ ಹುಣಸೆಹಣ್ಣೆಂದು ಸೀಗೆಪುಡಿ ಹಾಕಿದೆ. ಇನ್ನೊಂದು ದಿನ, ಎಂದೋ ಕೂತುಹೋದ ನನ್ನ ತಾಯಿ ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದುದನ್ನು ಕಂಡು, ಸರಿ ನೀನು ತೊಳಿ ನಾನು ಒರೆಸುತ್ತೇನೆ ಎಂದು ಬಟ್ಟೆ ಹಿಡಿದು ನಿಂತೆ. ಮಗುವಿಗೆ ಸ್ನಾನಕ್ಕೆಂದು ತೋಡಿದ ಕುದಿಯುವ ನೀರಿಗೆ ತಣ್ಣೀರು ಬೆರೆಸದೆ ಹಾಗೆಯೇ ಎತ್ತಿದ ದಿನ ಚಂಪಿಯ ಅಪ್ಪ ನನ್ನ ಕೈಯಿಂದ ಚೊಂಬು ಕಿತ್ತುಕೊಂಡರು. "ನೀನು ಕೂತರೆ ಇವಳನ್ನ ಯಾರು ನೋಡ್ಕೋತಾರೆ? ಹೆತ್ತವಳು ನೀನು. ನಿನ್ನನ್ನಾದ್ರೂ ಅವ್ವ ಅನ್ನದೆ ಇರ್ತಾಳಾ? ಹೋಗು, ಈಗಲೇ ಹೋಗು" ಎಂದರು.

ಹೋದೆ. ಚಂಪಿ ದಾರಿಯುದ್ದಕ್ಕೂ ನನ್ನ ಸೊಂಟದ ಮೇಲೆ ಕೂತು ಕರಿಮಣಿಯ ಜೊತೆ ಆಡುತ್ತಾ, ಅವ್ವಾ ಅದೇನು, ಅವ್ವಾ ಇದೇನು ಎನ್ನುತ್ತಿದ್ದಳು. ನಮ್ಮನ್ನು ಕಂಡು ಸಾಲಿನವರು ತಾವಾಗಿಯೇ ಜಾಗ ಬಿಟ್ಟರು. ಪರ್ವತಯ್ಯ ಹಲ್ಲು ನೋಡಿ, ಕೋಲಿನ ಮೇಲೆ ಕೈಯಿಟ್ಟು, ಬಹಳ ದಿನಗಳ ಮೇಲೆ ನಕ್ಕ. "ಇದನ್ನ ಕೇಳೋದೇ ಬೇಡ. ಆದ್ರೂ ಕೇಳ್ಬೇಕಲ್ಲವ್ವ, ಪದ್ಧತಿ. ಯಾರಿವರು?"

ಚಂಪಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಸರಿಯಾದ ಮಾತನ್ನು ಹುಡುಕುತ್ತಿದ್ದಳು.

"ಕಳಿಸೋಳು" ಎಂದಳು.

"ಏನಂದೆ?"

"ನನ್ನ ಎಲ್ಲರ ಜೊತೆ ಕಳಿಸೋಳು."

ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವಾಗ ಅವಳ ದನಿ ಹೇಗಿರುತ್ತದೋ ಹಾಗೆಯೇ ಇತ್ತು. ಮುನಿಸೇನೂ ಇರಲಿಲ್ಲ. ಸಾಲಿನಲ್ಲಿ ಯಾರೂ ನಗಲಿಲ್ಲ. ಪರ್ವತಯ್ಯ ಈ ಸಲ ಕಿವಿಗೆ ಕೈ ಹಚ್ಚಲಿಲ್ಲ; ಕೋಲನ್ನು ನೋಡುತ್ತಾ ನಿಂತ. ಅವ್ವ ಅನ್ನು ಎಂದು ನಾನು ಅವಳಿಗೆ ಹೇಳಿಕೊಡಬಹುದಾಗಿತ್ತು, ದೊಡ್ಡಮ್ಮ ಅನ್ನು ಎಂದು ಹೇಳಿಕೊಟ್ಟ ಹಾಗೆ. ಹಿಂದಿನವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ತುದಿ ಎಲ್ಲಿದೆ ಎಂದು ಕೇಳಿಕೊಂಡು ಸಾಲಿನ ಉದ್ದಕ್ಕೂ ನಡೆದೆ.

"ಅವ್ವಾ, ನಿಜ ಹೇಳಿದೆ ಅಲ್ವಾ?"

"ಹೂಂ ಕಂದ."

"ನಿಂಗೆ ಕೋಪ ಬಂತಾ?"

"ಇಲ್ಲ."

ಅವಳು ಹಗುರಾಗಿ ಉಸಿರು ಬಿಟ್ಟು, ನನ್ನ ಹೆಗಲ ಮೇಲೆ ತಲೆಯಿಟ್ಟಳು. ಇಟ್ಟ ಗಳಿಗೆಯಲ್ಲೇ ನಿದ್ದೆ ಹೋದಳು. ನಿದ್ದೆ ಹೋದ ಮಗು ಎಷ್ಟು ಭಾರ ಎಂಬುದು ಎತ್ತಿಕೊಂಡವರಿಗೇ ಗೊತ್ತು. ಕಾಲು ಎಲ್ಲಾದರೂ ಕೂರು ಎನ್ನುತ್ತಿತ್ತು. ಮುಂದಿನವರು ಸರಿದಾಗ ಅವಳಿಗೆ ಎಚ್ಚರವಾಗದ ಹಾಗೆ ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು ನಾನೂ ಸರಿದೆ.